ಬೀಗರು ಮುಗಿದ ಕೈ

"ಗುರುಗಳೇ, ಎದುರಿಗೆ ದಾರಿ ತೆರವಾಗಿ ಕಾಣುತ್ತಿದ್ದರೂ ಸರದಿ ಕಾಯುತ್ತ ನಿಲ್ಲುವುದು ದಡ್ಡತನವಲ್ಲವೇ?" ಎಂದು ಶಿಷ್ಯ ಕೇಳಿದ. ಆ ದಿನ ಮಠದಲ್ಲಿ ಗಂಜಿ ತಡವಾಗಿ, ಪಾಠವೂ ತಡವಾಗಿತ್ತು. ಗುರುಗಳು ಅವನನ್ನು ಒಮ್ಮೆ ನೋಡಿ, "ಕೂತುಕೋ, ಹೇಳುತ್ತೇನೆ" ಎಂದರು.

ಒಬ್ಬ ಬೆಲ್ಲದ ವ್ಯಾಪಾರಿ. ಮದುವೆಯ ದಿನ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಛತ್ರಕ್ಕೆ ಹೊರಟ. ಹಿಂದೆ ನೆಂಟರ ಗಾಡಿಗಳ ಸಾಲು. ಗಂಡಿನ ದಿಬ್ಬಣ ಬರುವ ಮೊದಲೇ ಬಾಗಿಲಲ್ಲಿ ನಿಂತು ಎದುರುಗೊಳ್ಳಬೇಕು. ಹೆಣ್ಣಿನ ಕಡೆಯವರು ತಡಮಾಡಿದರು ಎನ್ನಿಸಿಕೊಂಡರೆ ಮಾನ ಉಳಿಯುತ್ತದೆಯೇ? ಅವನಿಗೆ ಅದೊಂದೇ ಚಿಂತೆ.

ಊರ ರಸ್ತೆ ಹೆದ್ದಾರಿಗೆ ಸೇರುವಲ್ಲಿ ಒಂದು ದೀಪವಿತ್ತು. ಹಸಿರಾದರೆ ಒಂದೇ ಗಾಡಿ ಹೋಗಬೇಕು, ಮತ್ತೆ ಕೆಂಪು. ಹೆದ್ದಾರಿಯಲ್ಲಿ ಆಗಲೇ ಗಾಡಿಗಳು ಒತ್ತೊತ್ತಾಗಿ ಓಡುತ್ತಿದ್ದವು, ಅದಕ್ಕೇ ಈ ಏರ್ಪಾಡು. ವ್ಯಾಪಾರಿಯ ಕಣ್ಣಿಗೆ ಬಿದ್ದದ್ದು ನಡುವಿನ ಒಂದು ಸಂದು ಮಾತ್ರ.

"ಅಪ್ಪಾ, ಕೆಂಪಿದೆ" ಎಂದಳು ಮಗಳು.

"ಒಂದು ಗಾಡಿ ಹೋದರೆ ಏನು ಮುಳುಗಿಹೋಗುತ್ತೆ, ಸುಮ್ಮನಿರಮ್ಮ" ಎಂದು ನುಗ್ಗಿಸಿದ.

ಒಂದೇ ಗಾಡಿಗೆ ಎಲ್ಲಿ ಮುಗಿಯಿತು? ಹೆಣ್ಣಿನ ಅಪ್ಪನೇ ಹೋದ ಮೇಲೆ ನೆಂಟರು ನಿಲ್ಲುತ್ತಾರೆಯೇ? ಅವರೂ ನುಗ್ಗಿದರು. ಅವರನ್ನು ಕಂಡು ಗುರುತಿಲ್ಲದವರೂ ನುಗ್ಗಿದರು. ಹೆದ್ದಾರಿಯಲ್ಲಿ ಬರುತ್ತಿದ್ದವರು ಬ್ರೇಕ್ ಒತ್ತಿದರು, ಅವರ ಹಿಂದಿನವರೂ ಒತ್ತಿದರು. ಬಹು ದೂರದವರೆಗೆ ಎಲ್ಲವೂ ನಿಂತುಬಿಟ್ಟಿತು. ಮುಂದೆ ದಾಟಿದ್ದ ವ್ಯಾಪಾರಿಗೆ ಇದು ಯಾವುದೂ ತಿಳಿಯಲಿಲ್ಲ.

ಹೆಂಗಸರ ಕೈಗೆ ಆರತಿ ತಟ್ಟೆ ಕೊಟ್ಟು ಛತ್ರದ ಬಾಗಿಲಲ್ಲಿ ಕಾದ. ದಿಬ್ಬಣ ಬರಲಿಲ್ಲ. ಪುರೋಹಿತರು ಗಡಿಯಾರ ನೋಡಿ ನೋಡಿ, ಲಗ್ನ ಮೀರಿತು, ಇವತ್ತು ಬೇರೆ ಲಗ್ನವಿಲ್ಲ ಎಂದರು. ಆಮೇಲೆ ದಿಬ್ಬಣ ಬಂತು. ಗಂಡಿನ ತಂದೆ, ವಯಸ್ಸಾದವರು, ಎಲ್ಲರೆದುರು ಕೈಮುಗಿದರು.

"ತಪ್ಪಾಯಿತು ಬೀಗರೇ. ಯಾರೋ ಕೆಂಪು ದೀಪಕ್ಕೆ ನಿಲ್ಲದೆ ಹೆದ್ದಾರಿಗೆ ನುಗ್ಗಿದರಂತೆ, ನಾವು ಹಿಂದೆ ಸಿಕ್ಕಿಬಿದ್ದೆವು. ನಿಮ್ಮ ಮಾನ ಕಳೆದೆವು."

ವ್ಯಾಪಾರಿಗೆ ನಾಚಿಕೆಯಿಂದ ನಿಂತಲ್ಲೇ ನೆಲಕ್ಕಿಳಿದುಹೋದಂತಾಯಿತು. ನುಗ್ಗಿದವನು ನಾನೇ ಎಂದು ಹೇಳಹೊರಟ. ನೆಂಟರೆಲ್ಲ ನೋಡುತ್ತಿದ್ದರು. "ಇರಲಿ ಬಿಡಿ ಬೀಗರೇ" ಎಂದುಬಿಟ್ಟ. ಕೋಣೆಯ ಬಾಗಿಲಲ್ಲಿ ನಿಂತಿದ್ದ ಮಗಳು ಅದನ್ನು ಕೇಳಿ ತಲೆತಗ್ಗಿಸಿದಳು. ಆಮೇಲೆ ಅವಳ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಗುರುಗಳು ಕಥೆ ಮುಗಿಸಿದರು. "ನಾನೇ ಎನ್ನಲು ಅವನಿಗೆ ಅಷ್ಟು ಕಷ್ಟವೇ?" ಎಂದ ಶಿಷ್ಯ.

"ಗಂಜಿ ತಡವಾಯಿತೆಂದು ಇವತ್ತು ಅಡುಗೆಯ ಅಜ್ಜ ನಿನಗೆ ಕೈಮುಗಿದಾಗ, ಬಾವಿಯಲ್ಲಿ ನಿಮ್ಮ ಸರದಿ ಮುರಿದು ಮೊದಲು ಕೊಡ ಇಳಿಸಿದವನು ನಾನೇ, ನನ್ನ ಹಿಂದೆ ಉಳಿದವರೂ ನುಗ್ಗಿದ್ದರಿಂದ ನಿಮಗೆ ನೀರು ತಡವಾಯಿತು ಎಂದು ನೀನು ಹೇಳಿದೆಯಾ?" ಎಂದರು ಗುರುಗಳು.