ಬೋರಮ್ಮನ ಹೊಲದಲ್ಲಿ ಹೂತ ಬಟ್ಟೆ

ಹೊಳೆ ಅಂದರೆ ಹೆಸರಿಗೆ ಹೊಳೆ. ಮಳೆಗಾಲದಲ್ಲಿ ಮೂರು ತಿಂಗಳು ನೀರು, ಉಳಿದ ಕಾಲವೆಲ್ಲ ಮರಳು. ಅದರ ದಂಡೆಗೆ ಹುಲ್ಲು ಹೊದಿಸಿದ ಒಂದು ಆಶ್ರಮ, ಆಶ್ರಮದಲ್ಲಿ ಇಬ್ಬರೇ. ಗುರು ಅಜ್ಜಯ್ಯ, ಶಿಷ್ಯ ಪಾಲಯ್ಯ.

ಬೇರೆ ಗುರುಗಳ ಹತ್ತಿರ ಜನ ತಮ್ಮ ದುಃಖ ತರುತ್ತಾರೆ. ಈ ಅಜ್ಜಯ್ಯನ ಹತ್ತಿರ ಮಣ್ಣು ತರುತ್ತಿದ್ದರು. ಅಜ್ಜಯ್ಯ ಅದನ್ನು ಮೂಸುತ್ತಿದ್ದರು, ನೆನೆಸಿ ಉಂಡೆ ಕಟ್ಟುತ್ತಿದ್ದರು, ಬಿಸಿಲಿಗೆ ಹರವಿ ನೋಡುತ್ತಿದ್ದರು. ಆಮೇಲೆ ಏನು ಬಿತ್ತಬೇಕು, ಏನು ಬಿತ್ತಬಾರದು ಅಂತ ಒಂದೇ ಮಾತಿನಲ್ಲಿ ಹೇಳುತ್ತಿದ್ದರು.

ಜನ ತಂದ ಮಣ್ಣು ಸಾಲದಾದಾಗ ಹೊಲಕ್ಕೇ ಹೋಗಿ ಅಗೆದು ತರುವುದು ಪಾಲಯ್ಯನ ಪಾಲಿನ ಕೆಲಸ. ಒಂದು ಹೊಲದಲ್ಲಿ ಹತ್ತು ಕಡೆ ಗೇಣುದ್ದ ಗುಂಡಿ ತೋಡಬೇಕು. ಬದುವಿನ ಪಕ್ಕ ಬೇಡ, ಮರದ ನೆರಳಲ್ಲಿ ಬೇಡ, ಗೊಬ್ಬರ ಸುರಿದ ಕಡೆ ಬೇಡ. ಹತ್ತೂ ಗುಂಡಿಯ ಮಣ್ಣು ಕಲೆಸಿ ಒಂದು ಬೊಗಸೆ ತರಬೇಕು. ಹನ್ನೊಂದು ವರ್ಷ ಇದೇ ಆಯಿತು. ಬಗ್ಗಿದ ಸೊಂಟ ನೆಟ್ಟಗಾಗುವ ಮೊದಲೇ ಇನ್ನೊಂದು ಊರಿನವರು ಬಂದು ಕರೆಯುತ್ತಿದ್ದರು.

"ಅಜ್ಜಯ್ಯ, ಈ ಮಣ್ಣಿನ ಪಾಠ ಯಾವಾಗ ಮುಗಿಯುತ್ತೆ?" ಅಂತ ಒಂದು ದಿನ ಕೇಳಿಯೇಬಿಟ್ಟ.

"ನಿನ್ನ ಸೊಂಟ ಏನಂತೆ?"

"ಸಾಕು ಅಂತಿದೆ."

"ನನ್ನ ಮಂಡಿಯೂ ಅದನ್ನೇ ಅಂತಿದೆ. ಅವೆರಡೂ ಮಾತಾಡಿಕೊಳ್ಳಲಿ ಬಿಡು. ನೀನು ಕುಡಿಯೋಕೆ ನೀರು ತಾ."

ನೀರು ತರೋ ಹೊತ್ತಿಗೆ ಬಾಗಿಲಲ್ಲಿ ಬೋರಮ್ಮ ನಿಂತಿದ್ದಳು. ಹೊಳೆಯಾಚೆ ಊರಿನವಳು, ಗಂಡ ತೀರಿಹೋದ ಹೆಂಗಸು. ಅವಳಿಗೂ ಮೈದುನ ಸಣ್ಣೀರಪ್ಪನಿಗೂ ಕೂಡಿ ಮೂರು ಎಕರೆ ಎರೆ ಹೊಲ. ವರ್ಷ ವರ್ಷವೂ ಈರುಳ್ಳಿಯ ಮೇಲೆ ಈರುಳ್ಳಿ ಹಾಕಿದ್ದರು. ಈಗ ಮೂರು ವರ್ಷದಿಂದ ಗಡ್ಡೆ ಗೋಲಿಯಷ್ಟಾಗಿ ನಿಂತುಬಿಡುತ್ತಿತ್ತು.

"ಹೊಲ ಸತ್ತುಹೋಗಿದೆ ಅಂತಾನೆ ಮೈದುನ. ಮೇಲಿನ ಮಣ್ಣು ಮೂರಡಿ ಇಟ್ಟಿಗೆ ಭಟ್ಟಿಯವರಿಗೆ ಕೊಟ್ಟುಬಿಡೋಣ ಅಂತಾನೆ. ಅದು ಹೋದ ಮೇಲೆ ನನಗೇನು ಇರುತ್ತೆ ಅಜ್ಜಯ್ಯ? ಕೆಳಗಿನ ಸುಣ್ಣಕಲ್ಲು."

ಸಣ್ಣೀರಪ್ಪ ಅವಳ ಹಿಂದೆಯೇ ಬಂದಿದ್ದ.

"ಅಜ್ಜಯ್ಯ ಬದುಕಿದೆ ಅಂದರೆ ನಾನು ಮುಟ್ಟಲ್ಲ. ಸತ್ತಿದೆ ಅಂದರೆ ಅತ್ತಿಗೆ ಅಡ್ಡ ಬರಬಾರದು. ಇಷ್ಟೇ ಮಾತು."

"ಆಯ್ತು," ಅಂದಳು ಬೋರಮ್ಮ.

ಅಜ್ಜಯ್ಯ ಇಬ್ಬರಿಗೂ ಕೂರೋಕೆ ಕೈಸನ್ನೆ ಮಾಡಿದರು.

"ಬದುಕಿರೋ ಮಣ್ಣಿಗೆ ಹಸಿವಿರುತ್ತೆ. ಅದರೊಳಗೆ ಕಣ್ಣಿಗೆ ಕಾಣದ ಕೋಟಿ ಬಾಯಿ. ಹತ್ತಿ ಬಟ್ಟೆ ಹೂತಿಡೋಣ. ಎರಡು ತಿಂಗಳು ಬಿಟ್ಟು ಅಗೆದು ನೋಡಿ. ತಿಂದಿದ್ದರೆ ಬದುಕಿದೆ."

ಹಾಗಂದು ಹೆಗಲ ಮೇಲಿನ ಹಳೇ ಕಾವಿ ಹತ್ತಿ ಪಂಚೆ ತೆಗೆದು ಪಾಲಯ್ಯನ ಕೈಗೆ ಕೊಟ್ಟರು.

"ಇದನ್ನೇ ಹೂಳು."

ಪಾಲಯ್ಯ ಪಂಚೆ ಹಿಡಿದು ಹೊರಗೆ ಬಂದ. ಅವನು ಜ್ವರ ಬಂದು ಏಳು ದಿನ ಮಲಗಿದ್ದಾಗ, ಅಜ್ಜಯ್ಯ ತಾವು ಚಳಿಯಲ್ಲಿ ಕೂತು ಅವನಿಗೆ ಹೊದಿಸಿದ್ದ ಬಟ್ಟೆ ಅದು. ಅಜ್ಜಯ್ಯನಿಗೆ ಎಂಬತ್ತು ದಾಟಿ ಎಷ್ಟಾಯಿತೋ. ನಾಳೆ ಅವರು ಇಲ್ಲ ಅಂದರೆ, ಅವರದ್ದು ಅಂತ ಮುಟ್ಟಿ ನೋಡೋಕೆ ಇನ್ನೇನಿದೆ?

ಅದನ್ನು ಮಡಿಸಿ ತನ್ನ ಚಾಪೆಯ ಕೆಳಗೆ ಇಟ್ಟುಕೊಂಡ.

ಮೂಲೆಯಲ್ಲಿ ಒಂದು ಶಾಲು ಬಿದ್ದಿತ್ತು, ಯಾರೋ ಸನ್ಮಾನ ಮಾಡಿ ಹೊದಿಸಿದ್ದು, ಅದೇ ಕಾವಿ ಬಣ್ಣದ್ದು. ಅದರ ಜರಿಯಂಚು ಕತ್ತರಿಸಿದ. ಎಳೆ ಬಿಚ್ಚಿಕೊಳ್ಳದ ಹಾಗೆ ಸುತ್ತಲೂ ಅಂಚು ಮಡಿಸಿ, ಹೂ ಕಟ್ಟೋ ನೂಲಿನಲ್ಲಿ ಹೊಲಿದ. ಬಟ್ಟೆ ಅಂದರೆ ಬಟ್ಟೆ ತಾನೇ, ಯಾರು ಹೊದ್ದದ್ದು ಅಂತ ಮಣ್ಣಿಗೇನು ಗೊತ್ತು, ಅಂದುಕೊಂಡ. ಬೋರಮ್ಮನ ಹೊಲದ ನಡುವೆ ಅದನ್ನು ಹೂತು, ಗುರುತಿಗೆ ಕಲ್ಲಿಟ್ಟು ಬಂದ.

ಎರಡು ತಿಂಗಳಾಯಿತು. ಮಳೆಯೂ ಆಯಿತು, ಹೊಳೆಗೆ ಮಾತ್ರ ಇನ್ನೂ ನೀರು ಬಂದಿರಲಿಲ್ಲ. ಅಜ್ಜಯ್ಯನ ಮಂಡಿ ಊದಿಕೊಂಡು ಏಳೋಕಾಗದೆ, ಅಗೆಯೋಕೆ ಪಾಲಯ್ಯ ಒಬ್ಬನೇ ಹೋದ.

ಬೋರಮ್ಮ, ಸಣ್ಣೀರಪ್ಪ ಇಬ್ಬರೂ ನೋಡುತ್ತಾ ನಿಂತಿರುವಾಗ ಗುದ್ದಲಿಗೆ ಬಟ್ಟೆ ಸಿಕ್ಕಿತು. ಜಾಡಿಸಿದ. ಮಣ್ಣು ಉದುರಿತು, ಬಟ್ಟೆ ಇಟ್ಟ ಹಾಗೇ ಇತ್ತು.

"ನೋಡಪ್ಪಾ!" ಸಣ್ಣೀರಪ್ಪ ನಕ್ಕ. "ಒಂದು ಸಲ ಒಗೆದರೆ ಹೊದ್ದುಕೊಂಡು ಮದುವೆಗೆ ಹೋಗಬಹುದು."

ಬೋರಮ್ಮ ನಗಲಿಲ್ಲ. "ಮಳೆ ಬಿದ್ದಾಗ ಘಮ್ ಅನ್ನುತ್ತಲ್ಲಪ್ಪ ಈ ಮಣ್ಣು. ಸತ್ತದ್ದು ಹಾಗೆ ಘಮ್ ಅನ್ನುತ್ತಾ? ಇನ್ನೊಂದು ಕಡೆ ಅಗೆದು ನೋಡು."

"ಇನ್ನೊಂದು ಕಡೆ ಬಟ್ಟೆ ಹೂತಿಲ್ಲವಲ್ಲ ತಾಯಿ."

"ಹಾಗಾದರೆ ನೀನೇ ಹೇಳು."

ಪಾಲಯ್ಯನಿಗೂ ಸುಸ್ತಾಗಿತ್ತು. ಕಣ್ಣೆದುರು ಬಟ್ಟೆ ಇತ್ತು.

"ಸತ್ತಿದೆ," ಅಂದ.

ಬೋರಮ್ಮ ಒಂದು ಹೆಂಟೆ ಎತ್ತಿಕೊಂಡು ಅಂಗೈಯಲ್ಲಿ ಪುಡಿ ಮಾಡಿದಳು. ಕೈ ಜಾಡಿಸಿಕೊಂಡಳು. ಮನೆ ಕಡೆ ನಡೆದಳು.

"ನಾಳೆ ಬೆಳಿಗ್ಗೆಯೇ ಟ್ರ್ಯಾಕ್ಟರ್ ಕರೆಸ್ತೀನಿ," ಅಂದ ಸಣ್ಣೀರಪ್ಪ.

ಪಾಲಯ್ಯ ಆಶ್ರಮಕ್ಕೆ ಬಂದಾಗ ದೀಪ ಹಚ್ಚೋ ಹೊತ್ತು. ಬಟ್ಟೆಯನ್ನು ಅಜ್ಜಯ್ಯನ ಮುಂದಿಟ್ಟ. ಅಜ್ಜಯ್ಯ ಅದನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು. ಮತ್ತೊಮ್ಮೆ ಉಜ್ಜಿದರು. ಆಮೇಲೆ ಅದರ ಮೂಲೆಯನ್ನು ದೀಪಕ್ಕೆ ಹಿಡಿದರು.

ಬೂದಿ ಬೀಳಲಿಲ್ಲ. ಮೂಲೆ ಕರಗಿ, ಕಪ್ಪಗೆ ಮಣಿಯ ಹಾಗೆ ಗಟ್ಟಿಯಾಯಿತು.

"ಇದು ಹತ್ತಿಯಲ್ಲ," ಅಂದರು ಅಜ್ಜಯ್ಯ. "ಪಾಲಿಸ್ಟರ್. ನನ್ನ ಪಂಚೆ ಎಲ್ಲೋ?"

ಪಾಲಯ್ಯ ಮೂಲೆಯ ಕಡೆ ಕೈ ತೋರಿಸಿದ.

"ನನ್ನ ಚಾಪೆ ಕೆಳಗಿದೆ ಅಜ್ಜಯ್ಯ."

"ಚಾಪೆ ಕೆಳಗೆ ಏನು ಮಾಡ್ತಿದೆ?"

"ನೀವು ಹೋದ ಮೇಲೆ ನನಗಿರಲಿ ಅಂತ."

ಅಜ್ಜಯ್ಯ ಶಾಲನ್ನು ಮಡಿಲಲ್ಲಿ ಹರವಿಕೊಂಡು ಅಂಚಿನ ಮೇಲೆ ಬೆರಳಾಡಿಸಿದರು.

"ಈ ಅಂಚು ಹೊಲಿದದ್ದು ಯಾರು?"

"ನಾನೇ. ಹೂ ಕಟ್ಟೋ ನೂಲಿನಲ್ಲಿ."

"ಅದು ಹತ್ತಿ ನೂಲು. ಹೊಲಿಗೆ ಎಲ್ಲಿ?"

ಪಾಲಯ್ಯ ಶಾಲನ್ನು ಎಳೆದುಕೊಂಡು ನಾಲ್ಕೂ ಅಂಚು ತಿರುಗಿಸಿ ನೋಡಿದ. ಮಡಿಕೆ ಬಿಚ್ಚಿಕೊಂಡಿತ್ತು. ಸೂಜಿ ಹೋಗಿ ಬಂದ ತೂತುಗಳು ಸಾಲಾಗಿ ಇದ್ದವು. ನೂಲು ಒಂದೆಳೆಯೂ ಇರಲಿಲ್ಲ.

"ತಿಂದಿದೆ," ಅಂದ.

"ನೀನು ಬಡಿಸಿದ್ದು ಅಷ್ಟೇ. ಅಷ್ಟನ್ನೂ ತಿಂದಿದೆ."

"ಬೈಯಿರಿ ಅಜ್ಜಯ್ಯ. ಎರಡು ಏಟು ಹಾಕಿ."

"ಅದಕ್ಕೂ ಕಸುವು ಬೇಕಲ್ಲೋ. ಇರೋ ಚೂರುಪಾರು ಕಸುವನ್ನ ನಾಳೆ ನಡೆಯೋಕೆ ಇಟ್ಟುಕೊಂಡಿದ್ದೀನಿ."

"ಈ ಮಂಡಿಯಲ್ಲಿ ನೀವು ಯಾಕೆ ನಡೀಬೇಕು? ನಾನೇ ಹೋಗಿ ಹೇಳ್ತೀನಿ."

"ಏನಂತ ಹೇಳ್ತೀಯ?"

"ಪರೀಕ್ಷೆಯಲ್ಲಿ ಏನೋ ತಪ್ಪಾಯಿತು ಅಂತ."

"ಯಾರ ತಪ್ಪು?"

ಪಾಲಯ್ಯ ಶಾಲನ್ನು ಮಡಿಸತೊಡಗಿದ.

"ಅದಕ್ಕೇ ನಾನೂ ಬರ್ತೀನಿ," ಅಂದರು ಅಜ್ಜಯ್ಯ. "ಪಂಚೆ ಜೋಳಿಗೆಗೆ ಹಾಕು."

ಬೆಳಕು ಹರಿಯೋ ಮುಂಚೆ ಹೊರಟರು. ಹೊಳೆಯ ಮರಳಿನಲ್ಲಿ ಹತ್ತು ಹೆಜ್ಜೆ ನಡೆದು ಕೂರೋದು, ಮತ್ತೆ ಹತ್ತು ಹೆಜ್ಜೆ. ಪಾಲಯ್ಯ ಎತ್ತಿಕೊಳ್ಳೋಕೆ ಬಗ್ಗಿದರೆ ಅಜ್ಜಯ್ಯ ಕೈ ತಳ್ಳಿದರು. ಇದೇ ದಾರಿಯಲ್ಲಿ ಈ ಮುದುಕರು ಎಷ್ಟು ವರ್ಷ ಯಾರ ಯಾರ ಹೊಲಕ್ಕೆ ನಡೆದಿದ್ದಾರೋ ಅಂತ ಅವನಿಗೆ ಅವತ್ತು ಮೊದಲ ಸಲ ಅನಿಸಿತು. ಕೇಳಬೇಕೆಂದುಕೊಂಡ. ಅವರು ಏದುಸಿರು ಬಿಡೋದು ನೋಡಿ ತಾನೂ ಪಕ್ಕದಲ್ಲಿ ಕೂತ.

ಹೊಲ ತಲುಪಿದಾಗ ಟ್ರ್ಯಾಕ್ಟರ್ ಬಂದು ನಿಂತಿತ್ತು. ನಾಲ್ವರು ಆಳುಗಳು ಗುದ್ದಲಿ ಹಿಡಿದು ಇಳಿದಿದ್ದರು. ಬೋರಮ್ಮ ಬದುವಿನ ಮೇಲೆ ಸೆರಗು ಹೊದ್ದು ಕೂತಿದ್ದಳು.

ಪಾಲಯ್ಯ ಓಡಿ ಹೋಗಿ ಗುದ್ದಲಿಗಳ ಮುಂದೆ ನಿಂತ.

"ನಿಲ್ಲಿಸಿ. ಹೊಲ ಬದುಕಿದೆ. ನಾನು ಸುಳ್ಳು ಬಟ್ಟೆ ಹೂತಿದ್ದೆ."

"ಹೋಯ್, ಏನು ತಮಾಷೆನಾ?" ಸಣ್ಣೀರಪ್ಪ ಸೊಂಟಕ್ಕೆ ಕೈ ಕೊಟ್ಟು ನಿಂತ. "ನಿನ್ನೆ ಸತ್ತಿತ್ತು, ಇವತ್ತು ಬದುಕಿತಾ? ನಾಳೆ ಎದ್ದು ಸಂತೆಗೆ ಹೋಗುತ್ತೋ?"

ಆಳುಗಳು ಕಿಸಕ್ಕನೆ ನಕ್ಕರು. ಪಾಲಯ್ಯ ನಡೆದದ್ದೆಲ್ಲ ಹೇಳಿದ. ಶಾಲು, ಪಂಚೆ, ಚಾಪೆ, ಯಾವುದನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ನಗು ನಿಂತಿತು. ಕೊನೆಗೆ ಶಾಲಿನ ಅಂಚನ್ನು ಬೋರಮ್ಮನ ಕೈಗೆ ಕೊಟ್ಟ.

ಅವಳು ಸೂಜಿಯ ತೂತುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಿದಳು. ತಲೆಯೆತ್ತಿದಳು.

"ನಿನ್ನೆ ನಮ್ಮನೇಲಿ ಒಲೆ ಹಚ್ಚಿಲ್ಲ ಕಣಪ್ಪ," ಅಂದಳು. ಅಷ್ಟೇ ಅಂದಳು.

ಬೆನ್ನಿಗೆ ಬಾರಿಸಿದ್ದರೂ ಪಾಲಯ್ಯನಿಗೆ ಅಷ್ಟು ನೋಯುತ್ತಿರಲಿಲ್ಲ.

ಸಣ್ಣೀರಪ್ಪ ಅಜ್ಜಯ್ಯನ ಕಡೆ ತಿರುಗಿದ. "ಬದುಕಿದ್ದರೆ ಬೆಳೆ ಯಾಕೆ ಬರಲ್ಲ?"

"ನಿನ್ನನ್ನೂ ಉಪವಾಸ ಕೆಡವಿ ವರ್ಷಗಟ್ಟಲೆ ದುಡಿಸಿ ನೋಡಲಾ? ದಣಿದಿದೆ ಕಣೋ. ಈ ವರ್ಷ ಹುರುಳಿ ಚೆಲ್ಲು, ಹೂವಿಗೆ ಬಂದಾಗ ಅಲ್ಲೇ ಉತ್ತುಬಿಡು. ಬೇಸಿಗೆಗೆ ರಾತ್ರಿ ಹೊತ್ತು ಕುರಿ ಮಂದೆ ತರುಬಿಸು, ಹಿಕ್ಕೆ ಬೀಳಲಿ. ಈರುಳ್ಳಿಯ ಹೆಸರೆತ್ತಬೇಡ."

"ನೂಲು ಕಾಣಲಿಲ್ಲ ಅಂದರೆ ನಾನು ಒಪ್ಪಬೇಕಾ? ಇವನು ಹೊಲಿದದ್ದು ಯಾರು ಕಂಡರು?" ಸಣ್ಣೀರಪ್ಪ ಹೊಲ ನೋಡಿದ, ಅತ್ತಿಗೆಯನ್ನು ನೋಡಿದ. "ಆಯ್ತು, ಇನ್ನೆರಡು ತಿಂಗಳು ತಡೀತೀನಿ. ಆದರೆ ಈಗ, ನನ್ನ ಕಣ್ಣೆದುರಿಗೆ, ನಿಜವಾದ ಬಟ್ಟೆ ಹೂಳಬೇಕು. ಇಲ್ಲಾಂದರೆ ಇವರು ಅಗೆಯೋಕೆ ಶುರು ಮಾಡ್ತಾರೆ."

ಆಳುಗಳು ಗುದ್ದಲಿಗೆ ಒರಗಿ ನಿಂತರು. ಬೋರಮ್ಮ ಎದ್ದು ನಿಂತಳು. ಎಲ್ಲರೂ ಪಾಲಯ್ಯನನ್ನೇ ನೋಡಿದರು.

ಅವನು ಜೋಳಿಗೆಯಿಂದ ಪಂಚೆ ತೆಗೆದ. ತೆಗೆದವನು ಹಿಡಿದುಕೊಂಡೇ ನಿಂತ. ಬೆರಳು ಬಿಡಲೊಲ್ಲವು.

"ಇದೂ ಮಣ್ಣಾದರೆ, ನಿಮ್ಮದು ಅಂತ ಏನು ಉಳೀತು ಅಜ್ಜಯ್ಯ?"

ಅಜ್ಜಯ್ಯ ಬದುವಿನ ಮೇಲೆ ಕಾಲು ಚಾಚಿ ಕೂತು ಮಂಡಿ ನೀವಿಕೊಳ್ಳುತ್ತಿದ್ದರು.

"ನೀನಿದ್ದೀಯಲ್ಲೋ. ಅಗೆ, ಬಿಸಿಲು ಏರ್ತಾ ಇದೆ."