ಸೂರಿನ ಸಂದಿಯ ಗಂಟು

ಈ ಕಡೆ ತಿರುಗು, ಗೋಡೆಗೆ ಮುಖ ಮಾಡಬೇಡ. ಕತೆ ಬೇಕು ಅಂತ ಪೀಡಿಸಿದ್ದು ನೀನೇ ತಾನೆ? ರಾಜಕುಮಾರಿ ಕತೆ ಇವತ್ತಿಲ್ಲ. ಸಾಯಂಕಾಲ ನಿಮ್ಮಕ್ಕ ಹೊಟ್ಟೆ ಹಿಡ್ಕೊಂಡು ಮಲಗಿದ್ದೋಳು, ಹಿತ್ತಲ ಹಗ್ಗದ ಮೇಲೆ ನನ್ನ ಬಟ್ಟೆ ಒಣಗಿದೆ, ತಂದ್ಕೊಡೋ ಅಂದ್ರೆ ನೀನು ಛೀ ಅಂತ ಮೂಗು ಮುಚ್ಕೊಂಡು ಓಡಿದ್ಯಲ್ಲ, ನಾನು ನೋಡ್ದೆ. ಅದಕ್ಕೇ ಇವತ್ತು ಈ ಕತೆ. ಹ್ಞೂ ಅಂತಿರಬೇಕು. ನೀನು ಹ್ಞೂ ಅನ್ನೋದು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ.

ಒಂದಾನೊಂದು ಕಾಲದಲ್ಲಿ, ದುಡ್ಡು ಅಂದ್ರೆ ಬೆಳ್ಳಿ ರೂಪಾಯಿ ಅನ್ನೋ ಕಾಲದಲ್ಲಿ, ಒಂದೂರಲ್ಲಿ ಗಾಣದ ದಾಸಪ್ಪ ಅಂತ ಒಬ್ಬ ಇದ್ದನಂತೆ. ಎತ್ತು ಕಟ್ಟಿ ಗಾಣ ತಿರುಗಿಸಿ ಎಳ್ಳೆಣ್ಣೆ, ಹುಚ್ಚೆಳ್ಳೆಣ್ಣೆ ತೆಗೆಯೋ ಮನೆ. ಅವನ ಹೆಂಡ್ತಿ ಲಕ್ಕಮ್ಮ. ಅವರಿಗೆ ಮೂರು ಜನ ಗಂಡುಮಕ್ಕಳು. ಮೂರು ಜನಾನೂ ಅಪ್ಪನ ಥರಾನೇ, ಗಾಣದ ಎತ್ತಿಗಿಂತ ತಡವಾಗಿ ಎದ್ದು, ಎತ್ತಿಗಿಂತ ಮೊದ್ಲು ಊಟಕ್ಕೆ ಕೂರೋರು. ಆದ್ರೆ ಈ ಮೂವರಿಗೂ ಮೊದ್ಲು ಲಕ್ಕಮ್ಮನಿಗೆ ಒಂದು ಹೆಣ್ಣುಮಗು ಹುಟ್ಟಿತ್ತಂತೆ. ಆ ಮಗು ಇನ್ನೂ ತಪ್ಪು ಹೆಜ್ಜೆ ಇಡ್ತಿರೋವಾಗ ಜ್ವರ ಬಂತಂತೆ, ಪಕ್ಕದೂರಲ್ಲಿ ಮದ್ದು ಕೊಡೋ ಪಂಡಿತನ್ನ ಕರೆಯೋಕೆ ಹೋದ್ರೆ ಅವನು ಮೊದ್ಲು ಕೈಗೆ ದುಡ್ಡು ಹಾಕಿ, ಆಮೇಲೆ ಚಪ್ಪಲಿ ಮೆಟ್ತೀನಿ ಅಂದನಂತೆ. ಮನೇಲಿ ಒಂದು ಕಾಸೂ ಇರಲಿಲ್ಲವಂತೆ. ಮಗು ಹೋಯ್ತು. ಆವತ್ತೇ ಲಕ್ಕಮ್ಮ ಮನಸ್ಸಲ್ಲಿ ಗಟ್ಟಿ ಮಾಡ್ಕೊಂಡಳಂತೆ, ಇನ್ನು ಮೇಲೆ ಈ ಮನೇಲಿ ದುಡ್ಡಿಲ್ಲ ಅಂತ ಯಾರ ಜೀವಾನೂ ಹೋಗೋಕೆ ಬಿಡಲ್ಲ, ಆಪತ್ತಿಗೆ ಅಂತ ಒಂದಿಷ್ಟು ಬಚ್ಚಿಟ್ಟೇ ಇಡ್ತೀನಿ ಅಂತ.

ಬಚ್ಚಿಡೋಕೆ ದುಡ್ಡು ಎಲ್ಲಿಂದ ಬರಬೇಕು? ಎಣ್ಣೆ ಮಾರಿದ್ದೆಲ್ಲ ದಾಸಪ್ಪನ ಸೊಂಟದ ಚೀಲಕ್ಕೆ ಹೋಗೋದು. ಗಾಣದ ಒರಳಿನ ತಳಕ್ಕೆ ಅಂಟಿಕೊಂಡಿರೋ ಹಿಂಡಿ ಕೆರೆದು ತೆಗೆದ್ರೆ ಅದೊಂದು ಮಾತ್ರ ಹೆಂಗಸರದ್ದು, ಹಾಗಂತ ಆ ಮನೆ ಪದ್ಧತಿ. ಲಕ್ಕಮ್ಮ ದಿನಾ ಒರಳೊಳಗೆ ಕೈ ಹಾಕಿ ಆ ಹಿಂಡಿ ಕೆರೆದು, ಹಸು ಕಟ್ಟಿದೋರಿಗೆ ಮಾರಿ, ಬಿಡಿಕಾಸು ಕೂಡಿಸಿ, ಸಂತೇಲಿ ಬೆಳ್ಳಿ ರೂಪಾಯಿ ಮಾಡಿಸ್ಕೊಂಡು ಬರ್ತಿದ್ದಳಂತೆ.

ಮೊದಲನೇ ಸಲ ಅದನ್ನ ರಾಗಿ ತುಂಬಿಡೋ ದೊಡ್ಡ ಮಣ್ಣಿನ ವಾಡೆಯೊಳಗೆ, ಆಳದಲ್ಲಿ, ಹೂತಿಟ್ಟಳಂತೆ. ಹುಟ್ಟಿದಾಗಿನಿಂದ ಒಂದು ಹಿಡಿ ರಾಗಿ ತೆಗೆದುಕೊಟ್ಟೋನಲ್ಲ ದಾಸಪ್ಪ, ಆವತ್ತು ಅದೇನು ವಾಸನೆ ಬಡೀತೋ, ತೋಳಿನವರೆಗೂ ಕೈ ಇಳಿಸಿ ಎತ್ಕೊಂಡು ಹೋಗಿ ಕೋಳಿ ಅಂಕದಲ್ಲಿ ಕಳೆದು ಬಂದನಂತೆ. ಲಕ್ಕಮ್ಮ ಕೇಳಿದ್ರೆ, ಮನೆ ನಂದು, ವಾಡೆ ನಂದು, ರಾಗಿ ನಂದು, ಮಧ್ಯದಲ್ಲಿ ನಿಂದೇನೇ ಅಂದನಂತೆ. ಆಮೇಲೆ ಎರಡನೇ ಸಲ ಒಲೆ ಪಕ್ಕದ ನೆಲ ಅಗೆದು ಮಡಿಕೇಲಿ ಇಟ್ಟು ಸಗಣಿ ಸಾರಿಸಿದಳಂತೆ. ಉಳಿದ ನೆಲ ಒಣಗಿದೆ, ಇಲ್ಲಿ ಮಾತ್ರ ಹಸಿ ಇದೆಯಲ್ಲ ಅಂತ ದೊಡ್ಡ ಮಗ ನೋಡಿ, ಅವಳು ನೀರಿಗೆ ಹೋದಾಗ ಅಗೆದು ತೆಗೆದು ಜರಿ ಪೇಟ ತಂದ್ಕೊಂಡನಂತೆ. ಅದೇ ಪೇಟ ಸುತ್ಕೊಂಡು, ಹೇಗೆ ಕಾಣಿಸ್ತೀನಿ ಅವ್ವ ಅಂತ ಅವಳ ಎದುರಿಗೇ ಬಂದು ನಿಂತನಂತೆ. ಮುಖ ನೋಡು ಅವನದ್ದು! ನಾನಾಗಿದ್ರೆ ಸೌಟಲ್ಲಿ ಕೊಡ್ತಿದ್ದೆ.

ಆಮೇಲೆ ಮೂರನೇ ಸಲ. ಆಗೆಲ್ಲ ಹೆಂಗಸರು ತಿಂಗಳಿಗೊಂದು ಸಲ ಹೊರಗಾದ್ರೆ ಮನೆಯೊಳಗೆ ಕಾಲಿಡೋ ಹಾಗಿರಲಿಲ್ಲ. ನಗಬೇಡ. ಅದು ಮೈಯ ಗುಣ ಕಣೋ, ನಿಮ್ಮಮ್ಮನಿಗೂ ಅದು ಇಲ್ದೇ ಇದ್ದಿದ್ರೆ ನೀನೆಲ್ಲಿಂದ ಬರ್ತಿದ್ದೆ? ಹಿತ್ತಲ ಕೊಟ್ಟಿಗೇಲಿ ಒಂದು ಚಾಪೆ, ಒಂದು ತಟ್ಟೆ, ಅಷ್ಟೇ. ಆಗ ಉಡೋ ಬಟ್ಟೆ ತುಂಡುಗಳನ್ನ ಒಗೆದು ಒಣಗಿಸಿ ಗಂಟು ಕಟ್ಟಿ, ಕೊಟ್ಟಿಗೆ ಸೂರಿನ ಸಂದಿಗೆ ಸಿಕ್ಕಿಸಿ ಇಡ್ತಿದ್ರು. ಗಂಡಸರು ಅದನ್ನ ಮುಟ್ಟೋದಿರಲಿ, ಆ ಕಡೆ ತಲೆ ಎತ್ತಿ ನೋಡ್ತಾನೂ ಇರಲಿಲ್ಲ. ಒಂದು ಸಲ ಲಕ್ಕಮ್ಮ ಹೊರಗಾಗಿ ಕೊಟ್ಟಿಗೇಲಿ ಕೂತಿದ್ದೋಳು, ಆ ಗಂಟು ನೋಡಿ ನೋಡಿ ಒಬ್ಬಳೇ ನಕ್ಕಳಂತೆ. ಹಳೇ ಸೀರೆ ಹರಿದು, ಒಂದೊಂದು ರೂಪಾಯಿನೂ ಬೇರೆ ಬೇರೆ ಬಟ್ಟೆ ಮಡಿಕೆಯೊಳಗಿಟ್ಟು, ಒಂದಕ್ಕೊಂದು ತಾಗಿ ಸದ್ದು ಮಾಡದ ಹಾಗೆ ಹೊಲಿಗೆ ಹಾಕಿ, ಮೇಲೆ ಕಲೆ ಹೋಗದ ಬಟ್ಟೆ ಸುತ್ತಿ ಸೂರಿಗೆ ಸಿಕ್ಕಿಸಿದಳಂತೆ.

ಅಲ್ಲಿಂದ ಮುಂದೆ ಅಪ್ಪ ಮಕ್ಕಳು ಹುಡುಕದ ಜಾಗ ಇಲ್ಲವಂತೆ. ಉಪ್ಪಿನಕಾಯಿ ಜಾಡಿಯೊಳಗೆ ಕೈ ಹಾಕಿದ್ರಂತೆ, ದೇವರ ಮಣೆ ಮಗುಚಿದ್ರಂತೆ, ಕಾವಿಗೆ ಕೂತಿದ್ದ ಕೋಳೀನ ಎತ್ತಿ ಅದರ ಕೆಳಗೂ ನೋಡಿದ್ರಂತೆ. ಒಂದು ದಿನ ದಾಸಪ್ಪ ಕೊಟ್ಟಿಗೆಗೂ ಬಂದು ಸೂರಲ್ಲಿ ಒಂದೊಂದೇ ಸಂದಿ ತಡಕ್ತಾ ತಡಕ್ತಾ ಆ ಗಂಟಿನ ಹತ್ರಾನೇ ಬಂದನಂತೆ. ಗಂಟು ನೋಡಿ, ಥೂ ಅಂತ ಉಗಿದು, ಪಂಚೆ ಎತ್ತಿ ಕಟ್ಕೊಂಡು ಹೋದನಂತೆ. ಲಕ್ಕಮ್ಮ ಒರಳುಕಲ್ಲಿನ ಹತ್ರ ಕೂತು ಬಾಯಿಗೆ ಸೆರಗು ತುರುಕ್ಕೊಂಡು ನಕ್ಕಳಂತೆ. ನಗಲಿ ಬಿಡು ಪಾಪ. ಇನ್ನೆಷ್ಟು ದಿನ ನಗೋಕಿತ್ತು.

ಹ್ಞೂ ಅನ್ನು.

ಆಮೇಲೆ ದೊಡ್ಡ ಮಗನಿಗೆ ಮದುವೆ ಆಗಿ ಹೊನ್ನಿ ಅಂತ ಸೊಸೆ ಬಂದಳಂತೆ. ಹೊನ್ನಿ ಒಳ್ಳೇ ಹುಡುಗಿ, ಎಣ್ಣೆ ಕೊಡ ತಲೆ ಮೇಲೆ ಇಟ್ಕೊಂಡು ಊರೂರು ತಿರುಗಿ ಮಾರ್ಕೊಂಡು ಬರೋಳು. ಲಕ್ಕಮ್ಮನಿಗೆ ಆ ಗಂಟಿನ ವಿಷಯ ಸೊಸೆಗೆ ಹೇಳೋಣ ಅಂತ ಎಷ್ಟೋ ಸಲ ನಾಲಿಗೆ ತುದಿಗೆ ಬಂತಂತೆ. ಆದ್ರೆ ಇವಳು ಗಂಡನ ಎದುರಿಗೆ ಬಾಯಿ ಬಿಟ್ಟರೆ, ಅವನು ಹೊಡೆದು ಕೇಳಿದ್ರೆ, ಅಂತ ಹೆದರಿ ನುಂಗಿಕೊಂಡಳಂತೆ. ಅದೊಂದು ತಪ್ಪಾಯ್ತು ಅವಳದ್ದು. ಆಪತ್ತಿಗೆ ಅಂತ ಇಟ್ಟ ದುಡ್ಡು ಇನ್ನೊಂದು ಜೀವಕ್ಕೆ ಗೊತ್ತಿರಬೇಕು ಮರಿ, ಇಲ್ದಿದ್ರೆ ಇಟ್ಟೋಳೇ ಬಿದ್ದಾಗ ಏನು ಮಾಡ್ತಾರೆ? ಆದ್ರೆ ಅವಳನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ. ಎರಡು ಸಲ ಕಳ್ಕೊಂಡೋಳು ಅವಳು, ಅದೂ ಮನೆಯವರ ಕೈಲೇ.

ಆಮೇಲೆ ಒಂದು ಶನಿವಾರ ಬೆಳಗ್ಗೆ ಹೊನ್ನಿ ಎಣ್ಣೆ ಹೊತ್ಕೊಂಡು ದೂರದೂರಿಗೆ ಹೋಗಿದ್ದಳಂತೆ. ಲಕ್ಕಮ್ಮ ದಿನದ ಹಾಗೆ ಗಾಣದ ಒರಳೊಳಗೆ ಕೈ ಹಾಕಿ ಹಿಂಡಿ ಕೆರೀತಾ ಇದ್ದಳಂತೆ. ಎತ್ತಿನ ಹಗ್ಗ ಹಿಡ್ಕೊಂಡಿರಬೇಕಾದ ನಡುವಿನ ಮಗ ಬೀಡಿ ಹಚ್ಚೋಕೆ ಆಚೆ ಹೋಗಿದ್ದನಂತೆ. ಎತ್ತಿಗೆ ನೊಣ ಕಚ್ಚಿತೋ ಏನೋ, ಒಂದು ಹೆಜ್ಜೆ ಮುಂದೆ ಎಳೀತು. ಗಾಣದ ಮರ ತಿರುಗಿ ಲಕ್ಕಮ್ಮನ ಕೈ ಒಳಗೇ ಸಿಕ್ಕಿಕೊಂಡು ಮೊಣಕೈವರೆಗೂ ನುಚ್ಚಾಯ್ತಂತೆ. ಎತ್ತಿ ಜಗಲಿ ಮೇಲೆ ಮಲಗಿಸಿದ್ರೆ ರಕ್ತ ನಿಲ್ಲಲೇ ಇಲ್ಲವಂತೆ. ಕಿರೀ ಮಗ ಪಂಡಿತನ ಹತ್ರ ಓಡಿ ಹೋದನಂತೆ. ರಕ್ತ ನಿಲ್ಲಿಸೋ ಮದ್ದು ನನ್ನ ಹತ್ರ ಇದೆ, ಆದ್ರೆ ನಿಮ್ಮ ಮನೆಯೋರ ಬಾಯಿಮಾತು ನಂಬಲ್ಲ, ಮೊದ್ಲು ಕೈಗೆ ದುಡ್ಡು ಅಂದನಂತೆ ಆ ಪುಣ್ಯಾತ್ಮ. ಅದೇ ಪಂಡಿತ, ಅದೇ ಮಾತು. ಊರಲ್ಲಿ ಕೈಬದಲು ಕೇಳಿದ್ರೆ, ದಾಸಪ್ಪನ ಮನೆಗಾ ಅಂತ ಎಲ್ಲಾರೂ ಬಾಗಿಲು ಮುಂದಕ್ಕೆಳೆದ್ರಂತೆ.

ಆಗ ಲಕ್ಕಮ್ಮ ಕಣ್ಣು ಬಿಟ್ಟು, ದುಡ್ಡಿದೆ ಕಣ್ರೋ, ಹಿತ್ತಲ ಸೂರಲ್ಲಿ ನನ್ನ ಹೊರಗಿನ ಬಟ್ಟೆ ಗಂಟಿದೆಯಲ್ಲ, ಅದರೊಳಗಿದೆ, ಬಿಚ್ಚಿ ತಗೊಂಡು ಓಡಿ ಅಂದಳಂತೆ.

ಮೊದ್ಲು ದೊಡ್ಡ ಮಗ ಹೋದನಂತೆ, ಅದೇ ಜರಿ ಪೇಟದೋನು. ಸೂರಿನ ಕೆಳಗೆ ನಿಂತು ಗಂಟು ನೋಡಿ ಹಾಗೇ ವಾಪಸ್ ಬಂದನಂತೆ. ಶನಿವಾರ ಒಪ್ಪತ್ತು ಮಾಡಿದ್ದೀನಿ, ಸ್ನಾನ ಆಗಿದೆ, ನಾಮ ಇಟ್ಟಿದ್ದೀನಿ, ಅದನ್ನ ಹೇಗೆ ಮುಟ್ಟಲಿ? ಅಲ್ಲದೆ ಲಕ್ಷ್ಮೀನ ಅಂಥಾ ಜಾಗದಲ್ಲಿ ಯಾರಾದ್ರೂ ಇಡ್ತಾರಾ, ಅವ್ವ ನೋವಲ್ಲಿ ಏನೋ ಬಡಬಡಿಸ್ತಾಳೆ ಅಂದನಂತೆ.

ಆಮೇಲೆ ನಡುವಿನವನು ಹೋದನಂತೆ. ಇವನು ಜಾಣ, ಕೈ ತಾಗಬಾರದು ಅಂತ ಉದ್ದನೆ ಗಳ ತಗೊಂಡು ತಿವಿದನಂತೆ. ಗಂಟು ಜಾರಿ ಕೆಳಗಿನ ಸಗಣಿ ಗುಂಡಿಗೆ ಬಿತ್ತಂತೆ. ಮೊದ್ಲೇ ಅದು ಅಂಥಾ ಗಂಟು, ಈಗ ಗುಂಡಿಗೂ ಬಿತ್ತು ಅಂತ ಗಳಾನೂ ಅಲ್ಲೇ ಎಸೆದು, ಕೈ ತೊಳ್ಕೊಂಡು ಬಂದನಂತೆ. ಏನನ್ನೂ ಮುಟ್ಟಿರಲಿಲ್ಲ, ಆದ್ರೂ ತೊಳ್ಕೊಂಡನಂತೆ.

ಆಮೇಲೆ ಕಿರಿಯವನು. ಅವನು ಅವ್ವ ಅವ್ವ ಅಂತ ಅಳ್ತಾ ಇದ್ದನಂತೆ, ಅವಳ ಮೇಲೆ ಪ್ರೀತಿ ಇದ್ದಿದ್ದು ಅವನಿಗೇ. ಅವನಾದ್ರೂ ಗುಂಡಿಗೆ ಇಳೀತಾನೆ ಅಂದ್ಕೊಂಡ್ಯಾ? ಇಲ್ಲ. ಇದು ಹೆಂಗಸರ ಕೆಲಸ ಅಂತ ಹೆಂಗಸರನ್ನ ಹುಡುಕ್ಕೊಂಡು ಊರೆಲ್ಲ ಓಡಿದನಂತೆ. ಕಡಲೆಕಾಯಿ ಕೀಳೋ ಕಾಲ, ಎಲ್ಲಾ ಹೊಲಕ್ಕೆ ಹೋಗಿದ್ರು. ಪಕ್ಕದ ಮನೆ ಮುದುಕಿ ಒಬ್ಬಳು ಸಿಕ್ಕಿದ್ಲಂತೆ. ಅವಳು, ನಾನು ಮಡೀಲಿ ಅಡುಗೆ ಮಾಡ್ತಿದ್ದೀನಪ್ಪ, ದೇವರಿಗೆ ಎಡೆ ಆಗಲಿ, ಆಮೇಲೆ ಬರ್ತೀನಿ ಅಂದಳಂತೆ. ಗಂಡಸರು ಮಾತ್ರ ಕೆಟ್ಟೋರು ಅಂತ ನಾನೆಲ್ಲಿ ಹೇಳ್ದೆ?

ದಾಸಪ್ಪ? ಅವನು ಜಗಲಿ ತುದೀಲಿ ಕೂತು, ಇವಳಿಗೆ ಇಡೋಕೆ ಬೇರೆ ಜಾಗ ಸಿಗಲಿಲ್ವಾ ಅಂತ ಬೈತಾ ಇದ್ದನಂತೆ. ಹೆಂಡ್ತಿ ರಕ್ತ ಅವನ ಪಂಚೆಗೆ ತಾಗದ ಹಾಗೆ ಕಾಲು ಮೇಲಕ್ಕೆ ಎತ್ತಿ ಕೂತಿದ್ದನಂತೆ.

ಹೊತ್ತು ಇಳೀತಾ ಹೊನ್ನಿ ಬಂದಳಂತೆ. ಖಾಲಿ ಕೊಡ ಅಲ್ಲೇ ಬಿಟ್ಟು ಅತ್ತೆ ಬಾಯಿ ಹತ್ರ ಕಿವಿ ಇಟ್ಟಳಂತೆ. ಅತ್ತೆಗೆ ಹೇಳೋಕೂ ಶಕ್ತಿ ಇಲ್ಲ, ಗಂಟು ಅನ್ನೋದು ಒಂದೇ ಕೇಳಿಸಿತಂತೆ. ಕಿರಿಯವನು ಅಳ್ತಾ ಅಳ್ತಾ ಸಗಣಿ ಗುಂಡಿಗೆ ಬಿದ್ದಿದೆ ಅಂದನಂತೆ. ಅವಳು ಹಿತ್ತಲಿಗೆ ಓಡಿ, ಗುಂಡಿಗೆ ಇಳಿದು, ಎರಡೂ ಕೈಯಲ್ಲಿ ಗಂಟು ಎತ್ತಿ, ಹೊಲಿಗೆ ಬಿಚ್ಚೋಕೆ ಬರದೇ ಇದ್ದಿದ್ದಕ್ಕೆ ಹಲ್ಲಲ್ಲಿ ಕಚ್ಚಿ ಹರಿದಳಂತೆ. ಬೆಳ್ಳಿ ರೂಪಾಯಿ ಬೊಗಸೆ ತುಂಬ ಬಂತು. ಬೊಗಸೆ ಹಿಡ್ಕೊಂಡು, ಅತ್ತೇ ಸಿಕ್ತು ಅತ್ತೇ ಅಂತ ಕೂಗ್ತಾ ಓಡಿ ಬಂದಳಂತೆ. ಲಕ್ಕಮ್ಮ ಹೋಗಿಬಿಟ್ಟಿದ್ದಳು. ಇನ್ನೂ ಮೈ ಬಿಸಿ ಇತ್ತಂತೆ.

ಏನು, ಅಳ್ತೀಯಾ? ಅಳು. ಅಳೋ ಕತೆನೇ ಇದು.

ಆಮೇಲೆ ಏನಾಯ್ತು ಕೇಳು. ಹೊನ್ನಿ ಆ ದುಡ್ಡನ್ನ ಜಗಲಿ ಮೇಲೆ ಚೆಲ್ಲಿಬಿಟ್ಟಳಂತೆ, ಬೆಳ್ಳಿ ಕಂಡ ಕೂಡಲೇ ಅಪ್ಪ ಮಕ್ಕಳಿಗೆ ಹೇಸಿಗೆ ಎಲ್ಲ ಹೋಯ್ತಂತೆ. ಒಂದು ಸಲ ಹುಣಸೆಹಣ್ಣು ಹಾಕಿ ಉಜ್ಜಿದ್ರಂತೆ, ಒಂದು ಸಲ ಬೂದಿ ಹಾಕಿ ತಿಕ್ಕಿದ್ರಂತೆ, ಒಂದು ಸಲ ಗಂಜಲ ಚಿಮುಕಿಸಿದ್ರಂತೆ, ಮಡಿ ಆಯ್ತು ಅಂತ ಒಳಗೆ ತಗೊಂಡ್ರಂತೆ. ಅವಳ ಜೀವಕ್ಕೆ ಬೇಕಾದಾಗ ಮುಟ್ಟದ ದುಡ್ಡಲ್ಲಿ ಅವಳ ತಿಥಿ ಮಾಡಿದ್ರಂತೆ. ಏನು ತಿಥಿ ಅಂತೀಯಾ, ಹೋಳಿಗೆ, ತುಪ್ಪ, ಕೋಸಂಬರಿ. ಪಂಡಿತಾನೂ ಬಂದು ಉಂಡನಂತೆ. ದಾಸಪ್ಪ ತೇಗಿ, ನನ್ನ ಹೆಂಡ್ತಿ ಲಕ್ಷ್ಮಿ ಕಣ್ರಯ್ಯ, ಸತ್ತರೂ ನಮಗೆ ಕೊರತೆ ಮಾಡಲಿಲ್ಲ ಅಂದನಂತೆ. ಹೊನ್ನಿ ಬಡಿಸಿದಳು, ತಾನು ಉಣ್ಣಲಿಲ್ಲವಂತೆ.

ಆದ್ರೆ ಆ ಹುಡುಗಿ ಎಲ್ಲಾ ರೂಪಾಯಿನೂ ಜಗಲಿಗೆ ಚೆಲ್ಲಿರಲಿಲ್ಲವಂತೆ. ಒಂದು ಹಿಡಿ ಸೆರಗಿಗೆ ಕಟ್ಕೊಂಡಿದ್ದಳಂತೆ. ಕಳ್ಳತನ ಅಂತೀಯಾ? ಅನ್ನು ನೋಡೋಣ. ಅದನ್ನೇ ಬಟ್ಟೆ ಮಡಿಕೇಲಿಟ್ಟು ಹೊಲಿದು ಅದೇ ಸೂರಿಗೆ ಸಿಕ್ಕಿಸಿದಳಂತೆ. ಇದ್ದಿದ್ದೆಲ್ಲ ಜಗಲಿಗೆ ಬಿತ್ತು ಅಂತ ನಂಬಿದ್ದ ಅಪ್ಪ ಮಕ್ಕಳು ಆ ಕಡೆ ಮತ್ತೆ ತಿರುಗಲಿಲ್ಲವಂತೆ. ಅವಳಿಗೊಂದು ಗಂಡುಮಗು ಹುಟ್ಟಿತು, ಅದು ನಡೆಯೋಕೆ ಕಲಿತಾಗಿನಿಂದ ತಿಂಗಳು ತಿಂಗಳೂ ಅವನ ಕೈಲೇ ಆ ಗಂಟು ತರಿಸ್ಕೊಳ್ಳೋಳಂತೆ, ಅವನನ್ನ ಎತ್ತಿಕೊಂಡು ಸೂರಿಗೆ ಕೈ ಎಟುಕಿಸಿ. ದಾಸಪ್ಪ ಜಗಲಿಯಿಂದಾನೇ ಅಬ್ಬರಿಸಿದನಂತೆ, ಗಂಡುಹುಡುಗನ ಕೈಲಿ ಅದನ್ನ ಹೊರಿಸ್ತೀಯಲ್ಲ ನಾಚಿಕೆ ಇಲ್ವಾ ಅಂತ. ಹೊನ್ನಿ ಕೊಟ್ಟಿಗೇಲಿ ಚಾಪೆ ಹಾಸ್ತಾ ಇದ್ದೋಳು ತಲೆ ಎತ್ತಿ, ಮಾವ, ನಾಳೆ ನಾನು ಬಿದ್ದಾಗ ಯಾರು ತಂದುಕೊಡ್ತಾರೆ, ನೀವಾ ಅಂದಳಂತೆ. ದಾಸಪ್ಪ ಎಲೆಗೆ ಸುಣ್ಣ ಹಚ್ತಾ ಕೂತನಂತೆ, ಹಚ್ಚಿದ ಎಲೆಗೇ ಮತ್ತೆ ಹಚ್ಚಿದನಂತೆ.

ಹೊನ್ನಿಗೂ ಒಂದು ಸಲ ಹೆರಿಗೇಲಿ ಜೀವ ಹೋಗೋ ಹಾಗಾಯ್ತಂತೆ. ಗಂಟಲ್ಲಿ ಏನಿದೆ ಅಂತ ಆ ಹುಡುಗನಿಗೆ ಮೊದ್ಲೇ ಹೇಳಿಟ್ಟಿದ್ದಳಂತೆ. ಅವನು ಯಾರನ್ನೂ ಕೇಳಲಿಲ್ಲ, ಕುಕ್ಕೆ ಮಗುಚಿ ಮೇಲೆ ಹತ್ತಿ ಗಂಟು ಕಿತ್ತು ಪಂಡಿತನ ಎದುರಿಗೆ ಹಾಗೇ ಹಿಡಿದನಂತೆ. ಪಂಡಿತ ಹಿಂದೆ ಸರಿದು, ಹುಡುಗ ಹೊಲಿಗೆ ಹರಿದು ಬೆಳ್ಳಿ ತೋರಿಸಿದ ಮೇಲೆ ಚಪ್ಪಲಿ ಮೆಟ್ಟಿದನಂತೆ. ಹೊನ್ನಿ ಉಳಿದಳು, ತಲೆ ಎಲ್ಲಾ ನರೆಯೋವರೆಗೂ ಮಗನ ಕೈಲಿ ಉಣ್ತಾ ಸುಖವಾಗಿದ್ದಳಂತೆ. ಲಕ್ಕಮ್ಮ ಮಾತ್ರ ವಾಪಸ್ ಬರಲಿಲ್ಲ. ಎಲ್ಲಿಂದ ಬರ್ತಾಳೆ?

ಏನೋ, ನಿದ್ದೆ ಬಂತಾ? ಕಳ್ಳ ನಿದ್ದೆ, ರೆಪ್ಪೆ ಅಲ್ಲಾಡ್ತಿದೆ ನನಗೆ ಕಾಣಿಸುತ್ತೆ. ಕತೆ ಇನ್ನೂ ಮುಗಿದಿಲ್ಲ. ಹೊರಗೆ ಹನಿ ಬೀಳೋ ಸದ್ದು ಕೇಳ್ತಿದೆಯಾ? ನಿಮ್ಮಕ್ಕನ ಬಟ್ಟೆ ಇನ್ನೂ ಹಗ್ಗದ ಮೇಲೇ ಇದೆ. ಬೆಳಗ್ಗೆ ಅಲ್ಲ, ಈಗ. ದೀಪ ಹಾಕ್ಕೊಂಡು ಹೋಗು, ನಾನು ಬಾಗಿಲಲ್ಲಿ ನಿಂತಿರ್ತೀನಿ. ಹೋಗು ನನ್ನಪ್ಪ.

ತಂದ್ಯಾ? ಅವಳ ಹಾಸಿಗೆ ಪಕ್ಕ ಇಡು. ಮಡಿಸಿ ಇಡು. ಎಲ್ಲಿ, ಕೈ ತೋರಿಸು. ಏನಾದ್ರೂ ಆಯ್ತಾ ಕೈಗೆ? ಏನೂ ಆಗಲಿಲ್ಲ ತಾನೆ? ಇಷ್ಟೇ ಕಣೋ ಆ ಮೂರು ಜನ ಮಾಡಬೇಕಾಗಿದ್ದಿದ್ದು. ಬಾ, ಹೊದ್ಕೊ. ಕತೆ ಈಗ ಮುಗೀತು.