ಹುಲ್ಲು ಹೊದ್ದ ಪೀಕನ್ ಗಿಡಗಳು

“ಗುರುಗಳೇ, ಇಂದು ಸಂಜೆ ಈ ಊರಿನಲ್ಲಿ ನನ್ನ ಮೊದಲ ಪ್ರವಚನ. ನೀವು ನನ್ನ ಬೆನ್ನ ಹಿಂದೆ ಕೂತು, ನಾನು ಮರೆತಲ್ಲಿ ಪಿಸುಗುಟ್ಟಿದರೆ ತಪ್ಪೇನು?” ಎಂದು ಶಿಷ್ಯ ಅಡಿವೆಪ್ಪ ಕೇಳಿದ.

ಇಬ್ಬರೂ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೂತಿದ್ದರು. ಮಠದಲ್ಲಿ ನಾಲ್ಕು ವರ್ಷದಿಂದ ಅಡಿವೆಪ್ಪ ಪಾಠ ಒಪ್ಪಿಸುವಾಗಲೆಲ್ಲ ಗುರುಗಳು ಹಿಂದೆ ಕೂತು ಪಿಸುಗುಟ್ಟುತ್ತಲೇ ಬಂದಿದ್ದರು.

ಗುರುಗಳು ಹೇಳಿದರು: “ಹಿಮದ ನಾಡಿನಲ್ಲಿ ಹನ್ನೆರಡು ವರ್ಷ ಬರಿಮೈಯಲ್ಲಿ ತಪಸ್ಸು ಮಾಡಿದವನು ನಾನು. ನನ್ನ ಉಸಿರಿನ ಬಿಸಿಗೆ ಹೆಪ್ಪುಗಟ್ಟಿದ ಹಳ್ಳ ಕರಗಿ ಹರಿಯಿತು. ಇದು ಸುಳ್ಳು. ಇದ್ದದ್ದು ಒಂಬತ್ತು ದಿನ. ಅದರಲ್ಲಿ ಎಂಟು ದಿನ ಎರಡು ಕಂಬಳಿಯೊಳಗೆ ಸೀನುತ್ತಿದ್ದೆ. ಒಂಬತ್ತನೆಯ ದಿನ ಒಂದು ಕತೆ ಕೇಳಿದೆ. ಆ ಕತೆ ಮಾತ್ರ ನಿಜ, ಬಹುಮಟ್ಟಿಗೆ.”

ಹೀಗೆಂದು ಅವರು ಕತೆ ಶುರು ಮಾಡಿದರು.

ಆ ಹಿಮದ ನಾಡಿನ ಒಂದು ಗುಡ್ಡದ ಮೇಲೆ ಒಬ್ಬ ರೈತನಿದ್ದ. ಪೀಕನ್ ಎಂಬ ಮರವೊಂದಿದೆ, ಅಕ್ರೋಟಿನ ಬಳಗದ್ದು. ಗಟ್ಟಿ ಚಿಪ್ಪು, ಒಳಗೆ ಸಿಹಿ ತಿರುಳು. ಕೆಳಗಿನ ಬೆಚ್ಚನೆಯ ಬಯಲಿನಲ್ಲಿ ಅದು ಬೆಳೆಯುತ್ತಿತ್ತು, ಗುಡ್ಡದ ಚಳಿಗೆ ಸಾಯುತ್ತಿತ್ತು. ಚಳಿ ತಡೆಯುವ ಒಂದು ಪೀಕನ್ ಗಿಡ ರೈತನಿಗೆ ಬೇಕಿತ್ತು.

ಅದಕ್ಕೆ ಕಾರಣ ಅಲ್ಲಿನ ಪದ್ಧತಿ. ಮಗಳು ಗಂಡನ ಮನೆಗೆ ಹೊರಟಾಗ ತಂದೆ ಆ ಊರಿನಲ್ಲಿ ಇಲ್ಲದ ಒಂದು ಹಣ್ಣಿನ ಗಿಡವನ್ನೋ ಕಾಯಿಯ ಗಿಡವನ್ನೋ ಕೊಡಬೇಕು. ಅವಳು ಅದನ್ನು ಆ ಮನೆಯ ಅಂಗಳದಲ್ಲಿ ನೆಡಬೇಕು. ಗಿಡ ನಿಂತರೆ ಆ ಮನೆಯಲ್ಲಿ ಅವಳ ಮಾತು ನಿಲ್ಲುತ್ತದೆ. ಒಣಗಿದರೆ, ಅವಳು ಬಾಯಿ ತೆರೆದಾಗಲೆಲ್ಲ ಅತ್ತೆ ಆ ಒಣಕಡ್ಡಿಯ ಕಡೆ ಬೆರಳು ತೋರಿಸುತ್ತಾಳೆ. ರೈತನ ಒಬ್ಬಳೇ ಮಗಳನ್ನು ಇನ್ನೂ ಮೇಲಿನ, ಇನ್ನೂ ಚಳಿಯ ಊರಿಗೆ ಕೊಡುವ ಮಾತಾಗಿತ್ತು. ಮದುವೆಗೆ ನಾಲ್ಕು ವರ್ಷವಿತ್ತು.

ರೈತ ಬೀಜದ ವ್ಯಾಪಾರಿಯ ಬಳಿಗೆ ಹೋದ. ವ್ಯಾಪಾರಿ ಹೇಳಿದ: “ನೂರು ಬೀಜ ತೆಗೆದುಕೊಂಡು ಹೋಗು. ಒಂದೇ ತಾಯಿಯ ಮಕ್ಕಳಾದರೂ ಒಂದೊಂದಕ್ಕೂ ಬೇರೆ ಬೇರೆ ಗುಣ. ಯಾವುದು ಚಳಿ ತಡೆಯುತ್ತದೆಂದು ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಚಳಿಗೆ ಗೊತ್ತು.”

ರೈತ ಬೀಜಗಳನ್ನು ಒದ್ದೆ ಮರಳಿನಲ್ಲಿ ಹುದುಗಿಸಿ ಮೂರು ತಿಂಗಳು ತಣ್ಣಗಿಟ್ಟ.

“ಬೀಜಕ್ಕೂ ಚಳಿ ಬೇಕೇ?” ಎಂದ ಅಡಿವೆಪ್ಪ.

“ಚಳಿಯಲ್ಲಿ ಮಲಗದಿದ್ದರೆ ಅದಕ್ಕೆ ಎಚ್ಚರವಾಗುವುದಿಲ್ಲ. ನಿನಗೆ ಎಲ್ಲಿ ಮಲಗಿದರೂ ಎಚ್ಚರವಾಗುವುದಿಲ್ಲ. ಮುಂದೆ ಕೇಳು.”

ನೂರರಲ್ಲಿ ಅರುವತ್ತು ಮೊಳೆತವು. ಮೊದಲ ವರ್ಷ ಮೇಲೆ ಬೆಳೆದದ್ದು ಒಂದು ಗೇಣು, ಕೆಳಗೆ ಬೇರು ಇಳಿದದ್ದು ಎರಡು ಮೊಳ. ಚಳಿಗಾಲ ಬಂತು. ರೈತನಿಗೆ ವ್ಯಾಪಾರಿಯ ಮಾತು ನೆನಪಿತ್ತು. ಆದರೆ ಗೇಣುದ್ದದ ಗಿಡಗಳನ್ನು ನೋಡಿ ಮನಸ್ಸು ತಡೆಯಲಿಲ್ಲ. ಒಂದೊಂದಕ್ಕೂ ಹುಲ್ಲು ಸುತ್ತಿ, ಮೇಲೆ ಗೋಣಿತಾಟು ಕಟ್ಟಿದ. ಅರುವತ್ತೂ ಬದುಕಿದವು. ಮರುವರ್ಷವೂ ಹುಲ್ಲು ಸುತ್ತಿದ. ಅದರ ಮರುವರ್ಷವೂ ಸುತ್ತಿದ. ದಾರಿಯಲ್ಲಿ ಸಿಕ್ಕವರಿಗೆಲ್ಲ, “ನನ್ನ ಅರುವತ್ತೂ ಹಿಮವನ್ನು ಗೆದ್ದಿವೆ” ಎಂದು ಹೇಳಿಕೊಂಡ.

ನಾಲ್ಕನೆಯ ಚಳಿಗಾಲದ ಹೊತ್ತಿಗೆ ಗಿಡಗಳು ಎದೆಯುದ್ದ ಆಗಿದ್ದವು. ಆಗಲೂ ಹುಲ್ಲು ಸುತ್ತಿ ಮುಗಿಸಿದ್ದ. ಚಳಿ ಕಳೆದು ಚಿಗುರುವ ಕಾಲಕ್ಕೆ ಮದುವೆಯೆಂದು ನಿಶ್ಚಯವಾಯಿತು. ಕೊಡುವ ಗಿಡವನ್ನು ಆರಿಸಲು ರೈತ ಮೂರು ದಿನ ಸಾಲುಗಳ ನಡುವೆ ಓಡಾಡಿದ.

ಮಗಳು ಬಂದು ಕೇಳಿದಳು: “ಯಾವುದಪ್ಪಾ?”

“ಯಾವುದನ್ನಾದರೂ ತಗೋ ತಾಯಿ. ಎಲ್ಲವೂ ಬದುಕಿವೆ.”

“ಹುಲ್ಲಿನೊಳಗೆ ಬದುಕಿವೆ. ನಾನು ಹೋಗುವ ಮನೆಯಲ್ಲಿ ಹುಲ್ಲು ಸುತ್ತುವವರು ಯಾರು?”

ಅಂದೇ ಹಗಲು ಅವಳು ಅರುವತ್ತರ ಹುಲ್ಲನ್ನೂ ಬಿಚ್ಚಿ ದನಕ್ಕೆ ಹಾಕಿದಳು. ರೈತ ತಡೆಯಲು ಎದ್ದ. ಎದ್ದವನು ಮತ್ತೆ ಕೂತ.

ಆ ವರ್ಷ ಹಿಮ ಮಂಡಿಯುದ್ದ ಬಿತ್ತು. ಚಿಗುರುವ ಕಾಲ ಬಂದಾಗ ಐವತ್ತೇಳು ಗಿಡ ಕರಿಕಡ್ಡಿಯಾಗಿದ್ದವು. ಮೂರು ಚಿಗುರಿದವು. ಆ ಮೂರೂ ರೈತ ಕಡೆಗಣಿಸಿದ್ದ ಸೊಟ್ಟ ಗಿಡಗಳು ಎಂದು ಹೇಳಿದರೆ ಕತೆಗೆ ಚೆಂದ. ಆದರೆ ಮೂರೂ ನೆಟ್ಟಗೇ ಇದ್ದವು. ಮಗಳು ಬೇರು ಕಡಿಯದಂತೆ ಇಡೀ ದಿನ ಅಗೆದು ಒಂದನ್ನು ಎತ್ತಿಕೊಂಡು ಹೋದಳು. ಅತ್ತೆಯ ಬೆರಳಿಗೆ ಕೆಲಸ ಸಿಗಲಿಲ್ಲ.

ಅಡಿವೆಪ್ಪನ ಚಹಾ ಆರಿಹೋಗಿತ್ತು. ಅವನು ಮೆಲ್ಲಗೆ ಕೇಳಿದ: “ಗುರುಗಳೇ, ನಾನು ಆ ಐವತ್ತೇಳರಲ್ಲಿ ಒಬ್ಬನಾದರೆ?”

“ಮಳೆ ಬಿದ್ದ ಮೇಲೆ ಅವುಗಳಲ್ಲಿ ನಲವತ್ತು ಬುಡದಿಂದ ಮತ್ತೆ ಚಿಗುರಿದವಂತೆ. ನಲವತ್ತು ಎನ್ನುವುದು ನಾನು ಈಗ ಸೇರಿಸಿದ್ದು. ಚಿಗುರಿದ್ದು ನಿಜ. ಬೇರು ಆಳಕ್ಕೆ ಇಳಿದಿತ್ತಲ್ಲ.”

“ಹಾಗಾದರೆ ಸಂಜೆ ನೀವು ಎಲ್ಲಿ ಕೂರುತ್ತೀರಿ?”

ಗುರುಗಳು ಎದ್ದು ಜೋಳಿಗೆಯನ್ನು ಹೆಗಲಿಗೇರಿಸಿದರು.

“ಮಠಕ್ಕೆ ಹೋಗುವ ಬಸ್ಸಿನಲ್ಲಿ, ಕಿಟಕಿಯ ಪಕ್ಕ. ಚಹಾದ ಕಾಸು ನೀನೇ ಕೊಡು.”